ಬಾಡಿಗೆ ಸಿಸ್ಟರ್

"ಗಟ್ಟಿ ಹಿಡಿ ಮಾರಾಯ್ತಿ, ಸಡಿಲ ಬಿಟ್ಟರೆ ಅಳತೆ ತಪ್ತದೆ," ಎಂದು ರೂಪೇಶ್ ಟೇಪನ್ನು ಜಗ್ಗಿದ.

ಟೇಪಿನ ಇನ್ನೊಂದು ತುದಿ ಹಿಡಿದು ಅವನ ಹೆಂಡತಿ ಅಶ್ಮಿತಾ ಕಂಪೌಂಡಿನ ಮೂಲೆಯಲ್ಲಿ ನಿಂತಿದ್ದಳು. ಐದಾರು ತಿಂಗಳ ಬಸುರಿ. ಬಗ್ಗಲು ಕಷ್ಟವಾಗಿ ತುದಿಯನ್ನು ಕಾಲಿನ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿದ್ದಳು. ಅಲ್ಲಿಂದ ಸ್ವಲ್ಪವೇ ಆಚೆ, ಕೆಳಗಿನ ಮನೆಯ ಹಾಲ್‌ನಲ್ಲಿ, ರೂಪೇಶನ ಅಪ್ಪನ ತಂಗಿ ದೇಯಿ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿದ್ದಳು. ಹಿಂದಿನ ಸಂಜೆ ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯಲು ಹೋದವಳು ಅಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದಳು. ಹೆಣ ಒಳಗಿರುವಾಗ ಹೊರಗೆ ಜಾಗ ಅಳೆಯುವುದು ಚಂದವಲ್ಲ ಎಂಬುದು ರೂಪೇಶನಿಗೂ ಗೊತ್ತಿತ್ತು. ಆದ್ದರಿಂದ ಯಾರಾದರೂ ಅತ್ತ ನೋಡಿದಾಗಲೆಲ್ಲ ಶಾಮಿಯಾನ ಹಾಕಿಸಲು ಅಳತೆ ತೆಗೆಯುವವನ ಹಾಗೆ ಒಮ್ಮೆ ಆಕಾಶ ನೋಡುತ್ತಿದ್ದ.

ಅವನಪ್ಪ ನೋಣಯ್ಯ ಮೆಟ್ಟಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಬಂದವರ ಕೈ ಹಿಡಿದುಕೊಳ್ಳುತ್ತಿದ್ದ. "ಒಡಹುಟ್ಟಿದವಳು ಅಂತ ಇದ್ದದ್ದು ಅವಳೊಬ್ಬಳೇ" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. ತನ್ನ ಬಜಪೆಯಿಂದ ತಂಗಿಯ ಶಕ್ತಿನಗರಕ್ಕೆ ಬರಲು ಎಷ್ಟು ಹೊತ್ತು ಬೇಕು ಎಂಬುದು ಅವನಿಗೆ ಇವತ್ತೇ ತಿಳಿದದ್ದು. ತಂಗಿ ಈ ಕಟ್ಟಡ ಕಟ್ಟಿ ಎಷ್ಟೋ ವರ್ಷವಾದರೂ ಅವನು ಒಳಗೆ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ಬಂದವನೇ ಬಚ್ಚಲು ಎಲ್ಲಿ ಎಂದು ಪಕ್ಕದ ಮನೆಯವರನ್ನು ಕೇಳಿದ್ದ.

ಆ ಪಕ್ಕದ ಮನೆಯ ಮುದುಕಿ ಅಶ್ಮಿತಾಳನ್ನು ಕಂಡು, "ಬಸುರಿ ಹೆಂಗಸು ಹೆಣ ಇದ್ದ ಮನೆಗೆ ಬರಬಾರದು ಮಗಾ" ಎಂದಳು. "ಗಂಡನೂ ಹೆಣಕ್ಕೆ ಹೆಗಲು ಕೊಡಬಾರದು."

"ಅದೆಲ್ಲ ಯಾವ ಕಾಲದ್ದು ಅಜ್ಜಿ?" ಎಂದ ರೂಪೇಶ್, ಟೇಪನ್ನು ಪ್ಯಾಂಟಿನ ಜೇಬಿಗೆ ತುರುಕುತ್ತ. "ಮಾಮಿಗೆ ಕೊಳ್ಳಿ ಇಡುವುದು ನಾನೇ. ನನ್ನನ್ನು ಮಗನ ಹಾಗೆ ನೋಡಿಕೊಂಡಿದ್ದಾರೆ."

ದೇಯಿ ಅವನನ್ನು ಕೊನೆಯ ಸಲ ನೋಡಿದ್ದು ಅವನ ಮದುವೆಯ ಊಟದ ಸಾಲಿನಲ್ಲಿ. "ಹೊಟ್ಟೆ ಇಳಿಸು, ಶುಗರ್ ಬರ್ತದೆ" ಎಂದು ಹೇಳಿ ಕವರನ್ನು ಅವನ ಕೈಗಿಟ್ಟು ಹೋಗಿದ್ದಳು. ಅವನು ದುಬೈಯಿಂದ ಬಂದವನು ರೂಪೇಶ್ ಲ್ಯಾಂಡ್ ಡೆವಲಪರ್ಸ್ ಎಂದು ಕಾರ್ಡು ಹೊಡೆಸಿದ್ದ. ಆ ಕಾರ್ಡು ಹೊಡೆಸಿದ ಮೇಲೆ ಬಜಪೆಯಲ್ಲಿ ಅಪ್ಪನ ಜಾಗ ತುಂಡು ತುಂಡಾಗಿ ಮಾರಿ ಹೋದದ್ದನ್ನು ಬಿಟ್ಟರೆ ಬೇರೆ ಯಾವ ಅಭಿವೃದ್ಧಿಯೂ ಆಗಿರಲಿಲ್ಲ.

ಗೇಟಿನಲ್ಲಿ ಸ್ಕೂಟರು ನಿಲ್ಲಿಸಿ ಬ್ರೋಕರ್ ಝುಬೈರ್ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ದೇಯಿಗೆ ಮೊದಲ ಜಾಗ ತೋರಿಸಿದವನು ಅವನೇ. ಅವನು ಚಪ್ಪಲಿ ಕಳಚುವ ಮೊದಲೇ ರೂಪೇಶ್ ಹೆಗಲ ಮೇಲೆ ಕೈ ಹಾಕಿ ಬದಿಗೆ ಕರೆದುಕೊಂಡು ಹೋದ.

"ಝುಬೈರಾಕ, ಈ ಬದಿಯಲ್ಲಿ ಸೆಂಟ್ಸಿಗೆ ಈಗ ಎಷ್ಟು ನಡೀತದೆ? ಕಟ್ಟಡ ಬಿಡಿ, ಅದನ್ನು ಒಡೆಯುವುದೇ. ಬರೀ ಜಾಗಕ್ಕೆ ಹೇಳಿ."

ಝುಬೈರ್ ಅವನ ಮುಖವನ್ನೇ ನೋಡಿದ. "ಮೊದಲು ಅಕ್ಕನ ಕೆಲಸ ಮುಗಿಯಲಿ" ಎಂದ.

ರೂಪೇಶನಿಗೆ ಅದು ಬ್ರೋಕರನ ವರಸೆಯಂತೆ ಕಂಡಿತು. ಅಶ್ಮಿತಾಳ ಹತ್ತಿರ ಬಂದು, "ರೇಟು ಮೇಲೆ ಉಂಟು, ಅದಕ್ಕೇ ಬಾಯಿ ಬಿಡ್ತಾ ಇಲ್ಲ" ಎಂದು ಪಿಸುಗುಟ್ಟಿದ.

*

ದೇಯಿ ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆದ ವರ್ಷವೇ ಅಪ್ಪ ತೀರಿಕೊಂಡ. ತುಳುವರ ಹಳೆಯ ಕಟ್ಟಳೆಯಲ್ಲಿ ಆಸ್ತಿ ಹೆಣ್ಣಿನ ಸಂತಾನಕ್ಕೆ ಇಳಿಯುತ್ತಿತ್ತು ಎಂದು ನೋಣಯ್ಯ ಮನೆಯ ದೈವದ ನೇಮಕ್ಕೆ ಬಂದ ನೆಂಟರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ದಿನ ಮಾತ್ರ ಅವನಿಗೆ ಅದು ನೆನಪಾಗಲಿಲ್ಲ.

"ನಿನಗೆಂತಕ್ಕೆ ಜಾಗ? ಸಂಬಳ ಉಂಟು, ಹಾಸ್ಟೆಲಿನಲ್ಲಿ ಊಟ ಉಂಟು. ನಾಳೆ ಮದುವೆಯಾಗಿ ಹೋಗುವವಳು. ಒಂದು ಸಹಿ ಹಾಕಿಬಿಡು."

ನೈಟ್ ಡ್ಯೂಟಿ ಮುಗಿಸಿ ನೇರ ಬಂದಿದ್ದ ದೇಯಿ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಹೊರಗೆ ಬಂದ ಮೇಲೆ ನೋಣಯ್ಯನಿಗೆ ಮನಸ್ಸು ತುಂಬಿ ಬಂತು. ತಂಗಿಯನ್ನು ಹತ್ತಿರದ ಐಸ್‌ಕ್ರೀಮ್ ಅಂಗಡಿಗೆ ಕರೆದುಕೊಂಡು ಹೋಗಿ ಗಡ್‌ಬಡ್ ತರಿಸಿದ. ತನಗೆ ಏನೂ ಬೇಡ ಎಂದ. ಆ ತ್ಯಾಗ ಅವಳಿಗೆ ಕಾಣುವ ಹಾಗೆ ನೀರು ಕುಡಿದ.

"ತಿನ್ನು, ತಿನ್ನು. ಕೆಳಗೆ ಜೆಲ್ಲಿ ಉಂಟು ನೋಡು."

ಅವಳು ಉದ್ದದ ಚಮಚದಿಂದ ಗ್ಲಾಸಿನ ತಳದವರೆಗೆ ತಿಂದಳು. ಬಾಯಿ ಒರೆಸಿಕೊಂಡು ಕೇಳಿದಳು: "ಅಣ್ಣಾ, ಒಟ್ಟು ಎಷ್ಟು ಸೆಂಟ್ಸ್ ಇತ್ತು?"

"ಅದೆಲ್ಲ ನಿನಗೆಂತಕ್ಕೆ?"

ಬಿಟ್ಟುಕೊಟ್ಟದ್ದು ಎಷ್ಟು ಎಂಬುದೂ ತನಗೆ ಗೊತ್ತಿಲ್ಲ ಎಂಬುದು ಬಸ್ಸಿನಲ್ಲಿ ನಿಂತಿದ್ದಾಗ ಅವಳ ತಲೆಗೆ ಹೊಳೆಯಿತು. ಅಣ್ಣನ ಮೇಲಿನ ಸಿಟ್ಟಿಗಿಂತ ತನ್ನ ಪೆದ್ದುತನದ ಮೇಲಿನ ತಾತ್ಸಾರ ದೊಡ್ಡದಾಗಿತ್ತು. ಆ ತಾತ್ಸಾರವನ್ನು ಅವಳು ಮುಂದೆ ಎಲ್ಲರಿಗೂ ಧಾರಾಳವಾಗಿ ಹಂಚಿದಳು.

*

ಹೆಣ ಮೀಯಿಸುವ ಹೊತ್ತಾಯಿತು. ದೇಯಿಯ ಜೊತೆ ಬಹಳ ವರ್ಷ ಒಂದೇ ವಾರ್ಡಿನಲ್ಲಿ ದುಡಿದಿದ್ದ ಡ್ಯಾಫ್ನಿ ಸುರತ್ಕಲ್‌ನಿಂದ ಬಂದಿದ್ದಳು. ಮೇಲಿನ ಮಹಡಿಯ ಹಿಂದಿನ ಮನೆಯ ಫಾಯಿಝಾ, ಮುಂದಿನ ಮನೆಯ ಮೋಕ್ಷಾ ಇಳಿದು ಬಂದರು. ಇಬ್ಬರೂ ನರ್ಸುಗಳು. ಮೋಕ್ಷಾ ನೋಣಯ್ಯನ ಮಗಳೇ, ರೂಪೇಶನ ತಂಗಿ. ಹಿಂದಿನ ಸಂಜೆ ತಾರಸಿಯಲ್ಲಿ ಆಂಬುಲೆನ್ಸ್ ಬರುವವರೆಗೂ ಮಾಮಿಯ ಎದೆ ಒತ್ತಿದವಳು ಅವಳು. ಮಣಿಕಟ್ಟು ಇನ್ನೂ ನೋಯುತ್ತಿತ್ತು. ಮೂವರೂ, ಒಬ್ಬರು ಹೊರಳಿಸುವಾಗ ಇನ್ನೊಬ್ಬರು ಆಧಾರ ಕೊಡುತ್ತ, ದಿನಾಲೂ ಮಾಡುವ ಕೆಲಸದಂತೆ ಮೀಯಿಸಿದರು.

ಅಶ್ಮಿತಾ ಉಡಿಸಲು ಸೀರೆ ಹುಡುಕುವ ನೆಪದಲ್ಲಿ ಕಪಾಟು ತೆರೆದಳು. ಒಂದು ಸೀರೆ ತೆಗೆಯಲು ಅವಳಿಗೆ ಎಲ್ಲ ಅರೆಗಳನ್ನೂ ನೋಡಬೇಕಾಯಿತು. ಅಡುಗೆಮನೆಗೂ ಹೋಗಿ ಬಂದಳು. ಫ್ರಿಜ್ಜಿನ ಬಾಗಿಲಲ್ಲಿ ಕಾಶ್ಮೀರದ ದೋಣಿ, ಪಿರಮಿಡ್ಡು, ಜಪಾನಿನ ಕೆಂಪು ಕಮಾನು ಅಂಟಿಕೊಂಡಿದ್ದವು.

"ಪೇಶೆಂಟುಗಳು ತಂದುಕೊಟ್ಟದ್ದಾಗಿರಬೇಕು," ಎಂದಳು ಗಂಡನಿಗೆ. "ಪಾಪ, ಮಾಮಿ ಎಲ್ಲಿಗೂ ಹೋದವರಲ್ಲ."

ಡ್ಯಾಫ್ನಿ ಕೇಳಿಸಿಕೊಂಡಳು. ದೇಯಿಯ ಕೂದಲು ಬಾಚುತ್ತ ಹೋದಳು.

ಬಾಯಿಗೆ ನೀರು ಬಿಡಲು ಮೊದಲು ಕರೆದದ್ದು ನೋಣಯ್ಯನನ್ನು. ತುಳಸಿ ಎಲೆಯಿಂದ ಬಿಟ್ಟ ನೀರು ಅವಳ ಗಲ್ಲಕ್ಕೆ ಇಳಿದಾಗ ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿದ. ಅದುವರೆಗೆ ಕುರ್ಚಿಯಲ್ಲಿ ಕುಳಿತು ಆಡಿದ ಮಾತೆಲ್ಲ ಬಾಯಿಪಾಠವಾಗಿತ್ತು. ಈಗ ಬಂದದ್ದು ಬೇರೆಯೇ.

"ಅಮ್ಮ ಮಲಗಿದಲ್ಲೇ ಇದ್ದಾಗ ದೇಯಿ ದೇಯಿ ಅಂತ ಕರೆದಳು. ಊರಿನವರ ಗಾಯ ಎಲ್ಲ ತೊಳೆದವಳು ಇವಳು, ಹೆತ್ತ ತಾಯಿಯ ಹತ್ತಿರ ಒಂದು ದಿನ ಬರಲಿಲ್ಲ. ಹೋಮ್ ನರ್ಸನ್ನು ಗೊತ್ತು ಮಾಡಿ ಕಳಿಸಿದ್ಳು. ಸಂಬಳದವಳನ್ನು! ಅಮ್ಮನ ಬಾಯಿಗೆ ನೀರು ಬಿಟ್ಟದ್ದು ಆ ಹುಡುಗಿ."

ಡ್ಯಾಫ್ನಿಯೂ ತಲೆ ತಗ್ಗಿಸಿದಳು. ಅದು ನಿಜವಾಗಿತ್ತು. ಅಣ್ಣನ ಮನೆಯ ಹೊಸಿಲು ತುಳಿಯುವುದಿಲ್ಲ ಎಂಬ ಹಟದಲ್ಲಿ ದೇಯಿ ತಾಯಿಯನ್ನೂ ಆ ಮನೆಯ ಪಾಲಿಗೆ ಸೇರಿಸಿಬಿಟ್ಟಿದ್ದಳು. ತಾಯಿ ತೀರಿಕೊಂಡ ಸುದ್ದಿ ಬಂದ ದಿನ ಡ್ಯೂಟಿ ಮುಗಿಸಿಯೇ ಹೋದಳು. ಸ್ಮಶಾನದ ಗೇಟಿನ ಹೊರಗೆ ನಿಂತು ಚಿತೆಯ ಹೊಗೆ ನೋಡಿ ಹಿಂದೆ ಬಂದಳು. ಈ ವಿಷಯದಲ್ಲಿ ಅವಳ ಪರವಾಗಿ ಹೇಳುವಂಥದ್ದು ಏನೂ ಇಲ್ಲ.

ರೂಪೇಶ್ ಅಪ್ಪನ ಬೆನ್ನು ಸವರಿದ. "ಆಯ್ತು ಪಪ್ಪ, ಈಗ ಅದೆಲ್ಲ ಬೇಡ. ನಮ್ಮ ಮನಸ್ಸು ದೊಡ್ಡದು ಮಾಡಿಕೊಳ್ಳುವ."

*

ಜಾಗದ ವಿಷಯದಲ್ಲಿ ದೇಯಿಗೆ ಪಾಠ ಹೇಳಿಕೊಟ್ಟದ್ದು ರೋಗಿಗಳ ಮಕ್ಕಳು. ಅಪ್ಪನ ಮೂಗಿನಲ್ಲಿ ನಳಿಕೆ ಇರುವಾಗಲೇ ಅವರು ಮಂಚದ ಎರಡು ಬದಿಯಲ್ಲಿ ನಿಂತು ರಸ್ತೆ ಬದಿಯ ಪಾಲು ಯಾರಿಗೆ, ಬಾವಿ ಯಾರಿಗೆ ಎಂದು ಜಗಳವಾಡುತ್ತಿದ್ದರು. ನರ್ಸು ಒಬ್ಬಳು ಅಲ್ಲಿದ್ದಾಳೆ ಎಂಬುದು ಅವರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಗೋಡೆಯ ಮುಂದೆ ಆಡುವ ಹಾಗೆ ಎಲ್ಲವನ್ನೂ ಆಡುತ್ತಿದ್ದರು. ದೇಯಿ ಡ್ರಿಪ್ ಬದಲಿಸುತ್ತ ಕೇಳಿಸಿಕೊಳ್ಳುತ್ತಿದ್ದಳು: ಯಾವ ಜಾಗಕ್ಕೆ ದಾರಿ ಇಲ್ಲ, ಯಾವ ಮನೆಯ ದಾಖಲೆಯಲ್ಲಿ ಸತ್ತವನ ಹೆಸರೇ ಉಳಿದಿದೆ, ಯಾರು ಅವಸರದಲ್ಲಿ ಇದ್ದಾರೆ. ಅದು ಚಂದದ ಕೆಲಸವಲ್ಲ ಎಂದು ಡ್ಯಾಫ್ನಿ ಒಮ್ಮೆ ಹೇಳಿದಾಗ, "ಅವರು ಆಡುವುದು ಚಂದವಾ?" ಎಂದು ಕೇಳಿದಳು.

ಬೇರೆ ಸಿಸ್ಟರುಗಳು ಸಂಬಳ ಸೇರಿಸಿ ಬಳೆ ಮಾಡಿಸುವ ಹೊತ್ತಿಗೆ ದೇಯಿ ರಜೆಯ ದಿನಗಳಲ್ಲಿ ಝುಬೈರ್ ಸ್ಕೂಟರಿನಲ್ಲಿ ಮುಂದೆ ಹೋದರೆ ತಾನು ಬಸ್ಸಿನಲ್ಲಿ ಹಿಂದೆ ಹೋಗಿ ಜಾಗ ನೋಡುತ್ತಿದ್ದಳು. ಆಗ ಅವನಿಗೆ ಮೀಸೆ ಮೂಡಿತ್ತಷ್ಟೇ. ಕೊಳ್ಳುವವರು ಹೀಗೆ ಬಸ್ಸಿನಲ್ಲಿ ಬರುವುದು ಅವನಿಗೆ ನಗೆಯಾಗಿತ್ತು. ಅವಳ ಶಕ್ತಿಗೆ ಯಾವುದೂ ನಿಲುಕದೆ ಕೊನೆಗೆ ಶಕ್ತಿನಗರದಲ್ಲಿ ಒಂದು ಹಂಚಿನ ಮನೆ ತೋರಿಸಿದ. ಬಾಗಿಲು ತೆರೆದವನು ತಾನು ಒಳಗೆ ಹೋಗಲಿಲ್ಲ.

"ನಿಮಗೆ ಸುಳ್ಳು ಹೇಳುವುದಿಲ್ಲ ಸಿಸ್ಟರ್. ಇದರ ಯಜಮಾನ ಒಳಕೋಣೆಯಲ್ಲಿ ನೇಣು ಹಾಕಿಕೊಂಡದ್ದು. ಕುಲೆ ಉಂಟು, ಸತ್ತವನ ಪ್ರೇತ ತಿರುಗ್ತದೆ ಅಂತ ಹೇಳ್ತಾರೆ. ಬಾಡಿಗೆಗೆ ಬಂದವರೂ ವಾರದಲ್ಲಿ ಬಿಟ್ಟು ಹೋಗಿದ್ದಾರೆ."

ದೇಯಿ ಒಳಕೋಣೆಗೆ ಹೋಗಿ ಮಾಡಿನ ಅಡ್ಡ ತೊಲೆಯನ್ನು ತಲೆಯೆತ್ತಿ ನೋಡಿದಳು. ಮೂಲೆಯಲ್ಲಿದ್ದ ಸ್ಟೂಲು ಹತ್ತಿ, ಗೆದ್ದಲು ಹಿಡಿದಿದೆಯೇ ಎಂದು ಬೆರಳಿನಿಂದ ಕೆರೆದಳು.

"ನಮ್ಮ ವಾರ್ಡಿನಲ್ಲಿ ಯಾರೂ ಸಾಯದ ಬೆಡ್ ಒಂದೂ ಇಲ್ಲ ಝುಬೈರ್. ಮಧ್ಯಾಹ್ನ ಸತ್ತರೆ ಸಂಜೆಗೆ ಶೀಟ್ ಬದಲಿಸಿ ಬೇರೆಯವರನ್ನು ಮಲಗಿಸ್ತೇವೆ. ಅವರು ಗೊರಕೆ ಹೊಡೀತಾರೆ. ಕುಲೆಯ ಲೆಕ್ಕದಲ್ಲಿ ರೇಟು ಇನ್ನೂ ಇಳಿಸಲಿಕ್ಕೆ ಹೇಳು."

ಆಸ್ಪತ್ರೆಯ ಸೊಸೈಟಿಯಲ್ಲಿ ಸಾಲ ತೆಗೆದು ಆ ಮನೆಯನ್ನು ಕೊಂಡಳು. ಯಾರಿಗೆ ಬಾಡಿಗೆಗೆ ಕೊಡುವುದು ಎಂಬ ಚಿಂತೆ ಅವಳಿಗಿರಲಿಲ್ಲ. ಊರಿನಲ್ಲಿ ನರ್ಸುಗಳಿಗೆ ಮನೆ ಸಿಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ಹಿಡಿಯುವಾಗ ದೇವತೆ ಎನ್ನುವ ಅದೇ ಜನ, ಮನೆ ಕೇಳಿ ಬಂದರೆ "ರಾತ್ರಿ ಹೋಗಿ ಬೆಳಿಗ್ಗೆ ಬರುವ ಹುಡುಗಿಯರು ನಮಗೆ ಬೇಡ" ಎನ್ನುತ್ತಿದ್ದರು. ಆ ಹುಡುಗಿಯರಿಗೆ ದೇಯಿ ಮನೆ ಕೊಟ್ಟಳು. ಹೆಣ ಕಟ್ಟಿ ಬಂದು ಊಟ ಮಾಡುವವರಿಗೆ ಕುಲೆಯ ಹೆದರಿಕೆ ಇರಲಿಲ್ಲ.

ಇದನ್ನು ಉಪಕಾರ ಎಂದು ಯಾರೂ ತಿಳಿಯಬೇಕಾಗಿಲ್ಲ. ಬಾಡಿಗೆ ಒಂದನೇ ತಾರೀಕಿಗೆ ಬರಬೇಕು. ಪಂಪಿನ ಸ್ವಿಚ್ಚಿಗೆ ಅವಳು ಬೀಗ ಹಾಕಿಟ್ಟಿದ್ದಳು. ಗೋಡೆಗೆ ಮೊಳೆ ಹೊಡೆದರೆ ಮೊಳೆಗೆ ದುಡ್ಡು. ಆಸ್ಪತ್ರೆಯಲ್ಲಿ ಅವಳಿಗೆ ಬಾಡಿಗೆ ಸಿಸ್ಟರ್ ಎಂಬ ಹೆಸರು ಬಿತ್ತು. ವಾರ್ಡ್ ಬಾಯ್‌ಗಳಿಂದ ಹಿಡಿದು ಡಾಕ್ಟರುಗಳವರೆಗೆ ಹಾಗೆ ಕರೆದು ನಗುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಮುಂದೆ ಹಂಚಿನ ಮನೆ ಕೆಡವಿ ಎರಡು ಅಂತಸ್ತಿನ ಕಟ್ಟಡ ಎಬ್ಬಿಸಿದಾಗ, ನಕ್ಕ ಡಾಕ್ಟರೊಬ್ಬ ತನ್ನ ಕ್ಲಿನಿಕ್ಕಿಗೆ ಕೆಳಗಿನ ಭಾಗ ಸಿಗಬಹುದೇ ಎಂದು ಕೇಳಿದ. "ಡಾಕ್ಟರುಗಳಿಗೆ ಕೊಡುವುದಿಲ್ಲ, ಬಾಡಿಗೆ ತಡ ಮಾಡ್ತಾರೆ" ಎಂದಳು.

*

ಚಟ್ಟ ಕಟ್ಟುವವರು ಬಂದಿದ್ದರು. ವ್ಯಾನು ಬರುವುದಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಆ ಸಮಯ ಹಾಳಾಗುವುದು ರೂಪೇಶನಿಗೆ ಸರಿಕಾಣಲಿಲ್ಲ. ಹೆಂಗಸರೆಲ್ಲ ಒಂದೇ ಕಡೆ ಇದ್ದದ್ದನ್ನು ನೋಡಿ, ಗಂಟಲು ಸರಿಮಾಡಿಕೊಂಡ.

"ಇವತ್ತು ಹೇಳುವ ವಿಷಯ ಅಲ್ಲ. ಆದರೂ ನಿಮಗೆ ಬೇರೆ ಮನೆ ಹುಡುಕಲು ಟೈಮ್ ಬೇಕಲ್ಲ, ಅದಕ್ಕೆ ಹೇಳ್ತೇನೆ. ಹದಿಮೂರನೇ ದಿನದ ಬೊಜ್ಜ ಮುಗಿದ ಮೇಲೆ ಒಂದು ಎರಡು ತಿಂಗಳು ಇರಿ. ನಾವು ಮನುಷ್ಯರೇ ಅಲ್ವಾ. ಬಾಡಿಗೆ ಇನ್ನು ಪಪ್ಪನ ಅಕೌಂಟಿಗೆ ಹಾಕಿದರೆ ಸಾಕು."

ಫಾಯಿಝಾ ಮೋಕ್ಷಾಳ ಮುಖ ನೋಡಿದಳು. ಡ್ಯಾಫ್ನಿಗೆ ಸಾವಿನ ಮನೆ ಎಂಬುದು ಮರೆತು ನಗು ಬಂತು.

"ಯಾರ ಮನೆ ಖಾಲಿ ಮಾಡಿಸುವುದು ಮಗಾ?"

"ನಮ್ಮ ಮನೆ. ಮಾಮಿಗೆ ಗಂಡ ಮಕ್ಕಳು ಯಾರಿದ್ದಾರೆ? ಕಾನೂನು ಪ್ರಕಾರ ಒಡಹುಟ್ಟಿದವರಿಗೇ ಬರುವುದು. ಕೇಳಿ ಬೇಕಾದರೆ ಝುಬೈರಾಕನನ್ನು."

ಝುಬೈರ್ ಅಂಗಳದಲ್ಲಿ ನಿಂತಿದ್ದವನು ಒಳಗೆ ಬಂದ. ಅವನಿಗೆ ಇದನ್ನು ಈಗ ಹೇಳಲು ಮನಸ್ಸಿರಲಿಲ್ಲ. ಆದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಇದ್ದರೆ ನಿಮಗೇ ಬರ್ತಿತ್ತು. ಎಂತದೂ ಇಲ್ಲ. ಅಕ್ಕ ಎಲ್ಲ ಮಾರಿ ಆಯ್ತು. ರಿಜಿಸ್ಟ್ರಿಗೆ ನಾನೇ ಜೊತೆಯಲ್ಲಿ ಹೋಗಿದ್ದೆ."

"ಮಾರಿ ಆಯ್ತಾ? ಯಾರಿಗೆ?"

"ಇದ್ದವರಿಗೇ. ಮೇಲಿನ ಹಿಂದಿನದು ಫಾಯಿಝಾನದ್ದು."

"ಮುಂದಿನದು?" ಎಂದು ಅಶ್ಮಿತಾ ಕೇಳಿದಳು. ಬಾಲ್ಕನಿ ಇದ್ದ ಮನೆ ಅದು. ಬೆಳಿಗ್ಗೆಯಿಂದ ಅವಳ ಕಣ್ಣು ಅದರ ಮೇಲಿತ್ತು.

"ನನ್ನದು" ಎಂದಳು ಮೋಕ್ಷಾ.

ನೋಣಯ್ಯ ಮಗಳ ಕಡೆ ತಿರುಗಿದ. ಮಗಳು ಹೊಸಬಳಂತೆ ಕಂಡಳು. "ನಿನಗೆ... ನೀನು ಯಾವಾಗ?"

"ಕೆಲಸಕ್ಕೆ ಸೇರಿದ ಮೇಲೆ ಪಪ್ಪ. ಲೋನ್ ಉಂಟು. ಕಟ್ತಾ ಇದ್ದೇನೆ."

"ನಮಗೆ ಒಂದು ಮಾತು ಹೇಳಲಿಲ್ಲ!"

"ಹೇಳಿದ್ದರೆ ಅಣ್ಣನ ಹೆಸರಿಗೆ ಬರೆಸುವ ಅಂತ ಹೇಳ್ತಿದ್ರಿ."

ರೂಪೇಶ್ ನೆಲ ನೋಡಿದ. ತಾನು ನಿಂತ ಹಾಲ್ ಇನ್ನೂ ಉಳಿದಿದೆ ಎಂಬುದು ಹೊಳೆದು ಅವನ ಮುಖಕ್ಕೆ ಜೀವ ಬಂತು.

"ಮತ್ತೆ ಇದು? ಮಾಮಿ ಇದ್ದದ್ದು? ಸ್ವಂತಕ್ಕೆ ಇಟ್ಟುಕೊಂಡದ್ದು ಉಂಟಲ್ಲ?"

"ಇದು ನನ್ನದು," ಎಂದಳು ಡ್ಯಾಫ್ನಿ. "ರಿಟೈರ್ ಆದಾಗ ಬಂದ ಹಣದಲ್ಲಿ ತೆಗೆದುಕೊಂಡೆ. ದೇಯಿ ನನಗೆ ಬಾಡಿಗೆಗೆ ಇದ್ದದ್ದು. ಒಂದನೇ ತಾರೀಕಿಗೆ ಸರಿಯಾಗಿ ಕೊಡ್ತಿದ್ಲು."

ಯಾರೋ ಹಿಂದಿನಿಂದ ಕೆಮ್ಮಿದರು.

"ಹಣ? ಅಷ್ಟು ಹಣ ಎಲ್ಲಿ ಹೋಯ್ತು?" ಎಂದ ರೂಪೇಶ್.

"ತಿರುಗಿದ್ದೇವಲ್ಲ, ನಾವಿಬ್ಬರು. ಕಾಶ್ಮೀರ, ಈಜಿಪ್ಟ್. ಹೋದ ವರ್ಷ ಜಪಾನ್. ಅಲ್ಲಿ ಹಸಿ ಮೀನು ತಿಂದು, ನಮ್ಮ ಬಂಗುಡೆಯ ಹತ್ತಿರ ಇದೆಂತ ಅಂತ ಬೈದಳು." ಡ್ಯಾಫ್ನಿ ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡಳು. "ದಿನಾ ಅಂಜಲ್ ಮೀನು ತಿಂತಿದ್ಲು ಮಾರಾಯ. ರೇಟು ಕೇಳದೆ. ಉಳಿದದ್ದರಲ್ಲಿ ಹಾರ್ಟಿನ ಆಪರೇಷನ್ ಮಾಡಿಸು ಅಂತ ನಾನು ಹೇಳಿದೆ. ಕೊಯ್ಸಿಕೊಂಡು ಮಲಗುವುದಕ್ಕಿಂತ ಇನ್ನೊಂದು ದೇಶ ನೋಡಬಹುದು ಅಂತ ಹೇಳಿದ್ಲು."

"ಮಾಮಿ ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕಿದ್ದರಲ್ಲ," ಎಂದಳು ಮೋಕ್ಷಾ. "ನೀವೆಲ್ಲ ಕೈ ಮುಗಿಯುವ ಚಿತ್ರ ಕಳಿಸಿದ್ದೀರಿ."

ಅಶ್ಮಿತಾ ಮೆಲ್ಲನೆ ಗೋಡೆ ಹಿಡಿದು ಕುಳಿತುಕೊಂಡಳು. ಬೆಳಿಗ್ಗೆಯಿಂದ ಮರೆತಿದ್ದ ಹೊಟ್ಟೆಯ ಭಾರ ಅವಳಿಗೆ ಆಗ ನೆನಪಾಯಿತು.

*

ಮೋಕ್ಷಾ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೂಟ್‌ಕೇಸ್ ಹಿಡಿದು ಈ ಗೇಟಿಗೆ ಬಂದ ದಿನ ದೇಯಿ ಅಂಗಳದಲ್ಲಿ ಮೀನು ಕತ್ತರಿಸುತ್ತಿದ್ದಳು. ನೋಣಯ್ಯ ಮಗಳಿಗೆ ಗಲ್ಫಿನಲ್ಲಿ ಇದ್ದ ಒಬ್ಬನನ್ನು ಗೊತ್ತು ಮಾಡಿದ್ದ. ಆ ಹುಡುಗನ ಮನೆಯವರು ಕೆಲಸ ಬಿಡಬೇಕು ಎಂದಿದ್ದರು. ಅವಳು ಬೇಡ ಎಂದು ಮನೆಬಿಟ್ಟಿದ್ದಳು.

"ಮಾಮಿ, ಸ್ವಲ್ಪ ದಿನ ಇಲ್ಲಿ ಇರ್ತೇನೆ."

"ಅಡ್ವಾನ್ಸ್ ಎರಡು ತಿಂಗಳದ್ದು" ಎಂದಳು ದೇಯಿ, ತಲೆಯೆತ್ತದೆ.

ಮೋಕ್ಷಾಳಿಗೆ ಅಳು ಬಂತು. ಅಪ್ಪ ಹೇಳಿದ್ದೆಲ್ಲ ನಿಜ, ಇವಳು ಮನುಷ್ಯಳೇ ಅಲ್ಲ ಎಂದುಕೊಂಡಳು. ಕೊಟ್ಟಳು. ತಿಂಗಳು ತಿಂಗಳು ಬಾಡಿಗೆಯನ್ನೂ ಕೊಟ್ಟಳು. ಒಂದು ಸಲ ಸಂಬಳ ತಡವಾದಾಗ ದೇಯಿ ಮೇಲೆ ಬಂದು ಬಾಗಿಲಲ್ಲಿ ನಿಂತಳು. ಫಾಯಿಝಾಳಿಗೂ ಹೀಗೆಯೇ, ರಂಜಾನಿನಲ್ಲಿ ಸಮೋಸ ತಂದುಕೊಟ್ಟರೆ ತಿಂದು, ಎಣ್ಣೆ ಜಾಸ್ತಿ ಎಂದು ಹೇಳಿ, ನೀರಿನ ಬಿಲ್ಲು ಕೈಗಿಡುತ್ತಿದ್ದಳು.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಊಟಕ್ಕೆ ಕರೆದಳು. ಮೀನಿನ ಗಸಿ ಬಡಿಸಿದಳು. ಮೋಕ್ಷಾ ಉಣ್ಣುತ್ತಿದ್ದಾಗ ಹೇಳಿದಳು: "ನೀನು ಇಷ್ಟು ದಿನ ಕೊಟ್ಟದ್ದನ್ನೆಲ್ಲ ಬೆಲೆಯಲ್ಲಿ ಕಡಿಮೆ ಮಾಡ್ತೇನೆ. ಉಳಿದದ್ದಕ್ಕೆ ಬ್ಯಾಂಕಿಗೆ ಹೋಗು. ಮೇಲಿನ ಮುಂದಿನ ಮನೆ ತೆಗೆದುಕೋ."

"ನನ್ನ ಹತ್ತಿರ ಎಲ್ಲಿ ಆಗ್ತದೆ ಮಾಮಿ?"

"ನನ್ನ ಹತ್ತಿರ ಆಗಿತ್ತಾ? ಬಾಡಿಗೆ ಕಟ್ಟಲಿಕ್ಕೆ ಆಗ್ತದೆ, ಕಂತು ಕಟ್ಟಲಿಕ್ಕೆ ಆಗುವುದಿಲ್ಲವಾ? ಸುಮ್ಮನೆ ಕೊಡುವುದಿಲ್ಲ ನಾನು. ಸುಮ್ಮನೆ ಬಂದದ್ದನ್ನು ನಿನ್ನ ಅಪ್ಪ ಒಂದೇ ಮಾತಿನಲ್ಲಿ ತೆಗೆದುಕೊಳ್ತಾನೆ. ನೀನು ಬೆವರು ಸುರಿಸಿದ್ದನ್ನು ಕೇಳಿದರೆ ಆಗ ನಿನಗೆ ಸಿಟ್ಟು ಬರ್ತದೆ. ಆ ಸಿಟ್ಟು ಬೇಕು." ಮೋಕ್ಷಾ ಏನೋ ಹೇಳಲು ಹೊರಟಾಗ ಅವಳ ಬಟ್ಟಲಿಗೆ ಇನ್ನೊಂದು ತುಂಡು ಹಾಕಿದಳು. "ಮುಳ್ಳು ನೋಡಿಕೊಂಡು ತಿನ್ನು."

ಅವಳ ಬಾಯಿಂದ ಮೋಕ್ಷಾ ಕೇಳಿದ ಅತಿ ಮೆತ್ತಗಿನ ಮಾತು ಅದೇ.

*

ವ್ಯಾನು ಬಂದಾಗ ಹೆಗಲು ಕೊಡಲು ಜನ ಕಡಿಮೆ ಬಿದ್ದರು. ಬೆಳಿಗ್ಗೆ ತುಂಬಿದ್ದ ನೆಂಟರಲ್ಲಿ ಕೆಲವರಿಗೆ ಅಷ್ಟು ಹೊತ್ತಿಗೆ ಬೇರೆ ಕೆಲಸ ನೆನಪಾಗಿತ್ತು. ರೂಪೇಶ್ ಕಾರಿನ ಪಕ್ಕ ನಿಂತು ಅಶ್ಮಿತಾಳಿಗೆ ನೀರು ಕುಡಿಸುತ್ತಿದ್ದ.

"ಬಾ ಮಗಾ, ಮುಂದೆ ನೀನು ಹಿಡಿಯಬೇಕು" ಎಂದು ಯಾರೋ ಕರೆದರು.

"ಹೆಂಡತಿ ಬಸುರಿ ಅಲ್ವಾ," ಎಂದ ರೂಪೇಶ್, ಪಕ್ಕದ ಮನೆಯ ಮುದುಕಿಗೆ ಕೇಳಿಸುವ ಹಾಗೆ. "ನಾನು ಹೆಗಲು ಕೊಡಬಾರದಂತೆ. ಹಿರಿಯರು ಹೇಳಿದ್ದನ್ನು ಮೀರಬಾರದು."

ಅವನ ಜಾಗಕ್ಕೆ ಝುಬೈರ್ ಹೆಗಲು ಕೊಟ್ಟ. ಪ್ರಾಯದಿಂದ ಬೆನ್ನು ಬಾಗಿದ್ದರಿಂದ ಚಟ್ಟ ಅವನ ಕಡೆಗೆ ಸ್ವಲ್ಪ ವಾಲಿತು. ಅದನ್ನು ಸರಿಮಾಡಲು ಫಾಯಿಝಾ ಓಡಿಹೋಗಿ ಕೆಳಗಿನಿಂದ ಕೈ ಕೊಟ್ಟಳು.

ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿ ಇಲ್ಲ ಎಂದು ನೋಣಯ್ಯ ಗೇಟಿನಲ್ಲಿ ಹೇಳಿದ. ಮೂವರೂ ಕೇಳಿಸಿಕೊಂಡು ಡ್ಯಾಫ್ನಿಯ ಕಾರು ಹತ್ತಿದರು. ರೂಪೇಶನ ಕಾರೂ ಹಿಂದಿನಿಂದ ಬಂತು; ಪೂರ್ತಿ ತಪ್ಪಿಸಿಕೊಂಡರೆ ಜನ ಆಡಿಕೊಳ್ಳುತ್ತಾರೆ ಎಂಬುದು ಅವನಿಗೆ ತಿಳಿದಿತ್ತು. ಆದರೆ ಸ್ಮಶಾನದ ಗೇಟಿನ ಹೊರಗೇ ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಎಸಿಯಲ್ಲಿ ಕುಳಿತ.

ಚಿತೆಯ ಮೇಲೆ ತೆಂಗಿನ ಗೆರಟೆ, ಸೌದೆ ಜೋಡಿಸಿ ಆಯಿತು. ಸ್ಮಶಾನ ನೋಡಿಕೊಳ್ಳುವವನು ಪಂಜು ಹೊತ್ತಿಸಿಕೊಂಡು ಬಂದು, "ಕೊಳ್ಳಿ ಇಡುವವರು ಯಾರು?" ಎಂದು ಕೇಳಿದ.

ಎಲ್ಲರೂ ನೋಣಯ್ಯನ ಕಡೆ ನೋಡಿದರು.

"ನಾನು ಅಣ್ಣ. ಹಿರಿಯವನು ಕಿರಿಯವರಿಗೆ ಇಡುವ ಹಾಗಿಲ್ಲ."

"ಮತ್ತೆ ಯಾರು?"

ಪಂಜಿನಿಂದ ಎಣ್ಣೆ ತೊಟ್ಟಿಕ್ಕಿತು. ಆ ಮನುಷ್ಯನಿಗೆ ಇಂಥದ್ದು ಹೊಸದಾಗಿರಲಿಲ್ಲ. ಬೇಸರದಿಂದ ಗಡಿಯಾರ ನೋಡಿಕೊಂಡ. "ಹಿಂದೆ ಇನ್ನೊಂದು ಬಾಡಿ ಕಾಯ್ತಾ ಉಂಟು. ಬೇಗ ಹೇಳಿ."

"ಕೊಡಿ" ಎಂದು ಮೋಕ್ಷಾ ಮುಂದೆ ಬಂದು ಪಂಜು ತೆಗೆದುಕೊಂಡಳು.

"ಮೋಕ್ಷಾ!" ನೋಣಯ್ಯ ಅವಳ ತೋಳು ಹಿಡಿದ. "ಹುಚ್ಚು ಹಿಡಿದಿದೆಯಾ? ಹೆಣ್ಣುಮಗಳು ಬೆಂಕಿ ಕೊಡ್ತಾಳಾ? ಜನ ಎಂತ ಹೇಳಿಯಾರು?"

"ಹಾಗಾದರೆ ನೀವು ಕೊಡಿ ಪಪ್ಪ."

ಅವಳು ಪಂಜನ್ನು ಅವನ ಕಡೆಗೆ ಚಾಚಿದಳು. ಅವನು ಅದನ್ನು ನೋಡಿದ, ಗೇಟಿನ ಹೊರಗಿನ ಕಾರನ್ನು ನೋಡಿದ. ಹಿಡಿದಿದ್ದ ತೋಳು ಬಿಟ್ಟ.

ಮೋಕ್ಷಾ ತಲೆಯ ಕಡೆಗೆ ಹೋಗಿ ಬೆಂಕಿ ಇಟ್ಟಳು. ಗೆರಟೆ ಚಟಚಟ ಹೊತ್ತಿತು. ಅವಳು ಅಳಲಿಲ್ಲ, ಒಂದು ಕಡೆ ಬೆಂಕಿ ಹಿಡಿಯದೆ ಹೊಗೆಯಾಡಿದಾಗ ಬಗ್ಗಿ ಸೌದೆಯನ್ನು ಸರಿಸಿದಳು. ಡ್ಯಾಫ್ನಿ ಕೊಂಕಣಿಯಲ್ಲಿ ಏನೋ ಪ್ರಾರ್ಥನೆ ಹೇಳಿಕೊಂಡು ಶಿಲುಬೆಯ ಗುರುತು ಮಾಡಿದಳು. ಝುಬೈರ್ ದೂರದಲ್ಲಿ ಟೊಪ್ಪಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ಎಲ್ಲರೂ ಹಿಂದೆ ಸರಿದ ಮೇಲೆ ನೋಣಯ್ಯ ಒಬ್ಬನೇ ಮುಂದೆ ಹೋದ. ಅತ್ತ ಇತ್ತ ನೋಡಿ, ಕೆಳಗೆ ಬಿದ್ದಿದ್ದ ಸುಟ್ಟ ಗೆರಟೆಯ ತುಂಡೊಂದನ್ನು ಎರಡೂ ಕೈಯಿಂದ ಎತ್ತಿ ಚಿತೆಗೆ ಹಾಕಿದ. ಮಸಿ ಅವನ ಎರಡೂ ಕೈಗೆ ಹತ್ತಿತು.

ಹೊರಗೆ ರೂಪೇಶ್ ಹಾರ್ನ್ ಹೊಡೆದ.

ಗೇಟಿನ ಪಕ್ಕದ ಗೋಡೆಯಲ್ಲಿ ಒಂದೇ ಒಂದು ನಲ್ಲಿ ಇತ್ತು. ಮೂವರು ನರ್ಸುಗಳು ಅದರ ಮುಂದೆ ನಿಂತಿದ್ದರು. ಫಾಯಿಝಾ ಬ್ಯಾಗಿನಿಂದ ಸೋಪು ತೆಗೆದಳು. ಅವಳಿಗೆ ಮಧ್ಯಾಹ್ನದ ಡ್ಯೂಟಿ ಇತ್ತು. ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ, ಅಂಗೈಗೆ ಅಂಗೈ ಉಜ್ಜಿ, ಬೆರಳ ಸಂದು, ಹೆಬ್ಬೆರಳ ಸುತ್ತ, ಉಗುರಿನ ಬುಡ, ಮಣಿಕಟ್ಟು ತೊಳೆದು, ನೀರು ಬೆರಳಿನಿಂದ ಮೊಣಕೈಗೆ ಇಳಿಯುವ ಹಾಗೆ ಕೈ ಎತ್ತಿ ಹಿಡಿದಳು. ನಂತರ ಮೋಕ್ಷಾ. ನಂತರ ಡ್ಯಾಫ್ನಿ, ನಿವೃತ್ತಳಾದರೂ ಒಂದು ಬೆರಳನ್ನೂ ಬಿಡದೆ.

"ಬೇಗ, ಬೇಗ" ಎಂದ ನೋಣಯ್ಯ.

ಅವನು ಅವರ ಹಿಂದೆ ನಿಂತಿದ್ದ, ಬಿಳಿ ಪಂಚೆಗೆ ತಾಗದಂತೆ ಕಪ್ಪು ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು. ಡ್ಯಾಫ್ನಿ ಇನ್ನೊಂದು ಕೈಗೆ ಸೋಪು ಹಚ್ಚಿದಳು.